ಕಾರಿಗೆ ವಯಸ್ಸೇ ಅಪರಾಧವೇ?

ಇಟಗಿಯ ಮಹಾದೇವ ದೇವಾಲಯ ನಿರ್ಮಾಣವಾದದ್ದು ಕ್ರಿ.ಶ. 1112ರಲ್ಲಿ. ಆ ಕಾಲದ ಕನ್ನಡ ಶಾಸನಗಳಲ್ಲಿ ದತ್ತಿಯ ಉದ್ದೇಶ ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಶಿಥಿಲವಾದುದನ್ನು ಸರಿಪಡಿಸುವುದಕ್ಕೆಂದೇ ಭೂಮಿ ಬಿಡುತ್ತಿದ್ದರು. ಆ ಗುಡಿಯ ಮುಂದೆ ಕಾರು ನಿಲ್ಲಿಸುವ ನಮಗೆ ಈ ವಿವೇಕ ಏಕಿಲ್ಲ? ಲಕ್ಷಾಂತರ ರೂಪಾಯಿ ಸಾಲ ಮಾಡಿ ಕೊಳ್ಳುತ್ತೇವೆ. ಅದರ ಪಾಲನೆಗೆಂದು ವರ್ಷಕ್ಕಿಷ್ಟು ತೆಗೆದಿಡುವುದಿಲ್ಲ.

ಹಳೆಯ ಕಾರಿಗೆ ಹಣ ಸುರಿಯುವುದು ಮೂರ್ಖತನ ಎಂಬುದು ಮಾರಾಟಗಾರರು ಬಿತ್ತಿದ ಮಾತು. 80,000 ರೂ. ಬಾಳುವ ಕಾರಿಗೆ 40,000 ರೂ. ದುರಸ್ತಿಯೇ ಎಂದು ಹೌಹಾರುತ್ತೇವೆ. ಈ ಹೋಲಿಕೆಯೇ ತಪ್ಪು. ಮಾರುಕಟ್ಟೆ ಬೆಲೆ ಬೇಕಾದದ್ದು ಮಾರುವವನಿಗೆ; ಇಟ್ಟುಕೊಳ್ಳುವವನು ದುರಸ್ತಿಯ ವೆಚ್ಚವನ್ನು ಹೊಸ ಕಾರಿನ ಸಾಲದ ಕಂತಿನೊಡನೆ ತೂಗಿ ನೋಡಬೇಕು. ಕಂತಿನಲ್ಲಿ ಸೇರದ ಬೆಲೆಯೂ ಉಂಟು. ಉಕ್ಕಿನ ಹಸಿವಿಗೆ ಸಂಡೂರಿನ ಗುಡ್ಡಗಳು ಕರಗಿವೆ. ಗಿಣಿಗೇರಿಯ ಸುತ್ತಲ ಹೊಲಗಳ ಮೇಲೆ ಕಾರ್ಖಾನೆಯ ಕಪ್ಪು ಧೂಳು ಕುಳಿತಿದೆ.

ಹಾಗಾದರೆ ಎಷ್ಟು ಪಾಲನೆ ಸಾಕು? ಸರ್ವೀಸ್ ಕೇಂದ್ರದವರು ಪಟ್ಟಿಗೆ ಸೇರಿಸುವ ಎಂಜಿನ್ ತೊಳೆತ, ಹೊಳಪಿನ ಲೇಪನಗಳನ್ನು ಧೈರ್ಯವಾಗಿ ನಿರಾಕರಿಸಿ. ಆದರೆ “ಕಾರು ಹೆಚ್ಚು ಓಡಿಲ್ಲ, ಆಯಿಲ್ ಏಕೆ?” ಎನ್ನಬೇಡಿ, ನಿಂತಲ್ಲೇ ಇದ್ದರೂ ಆಯಿಲ್ ಕೆಡುತ್ತದೆ, ವರ್ಷಕ್ಕೊಮ್ಮೆ ಬದಲಾಗಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಪೊಳ್ಳಾಗುತ್ತದೆ. ಗುಡ್ಡದ ನಾವು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಜಿಪುಣತನ ಮಾಡುವುದು ಜೀವದ ಜೊತೆ ಆಟ. ಎರೆ ಸೀಮೆಯ ಬೇಸಿಗೆ ಧೂಳಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಅವಧಿ ಬಾಳದು. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಅದು ಹರಿದರೆ ಎಂಜಿನ್ನೇ ಹೋಗಬಹುದು; ಅವಧಿ ಮುಗಿದೊಡನೆ ಬದಲಿಸಿ. ಇಷ್ಟೇ ಹೆಚ್ಚುಕಡಿಮೆ.

ಸರ್ಕಾರವಾದರೋ ಸ್ಥಿತಿಯನ್ನಲ್ಲ, ವಯಸ್ಸನ್ನು ದಂಡಿಸುತ್ತಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ಗಳಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡುವ, ಹೊಗೆ ಪರೀಕ್ಷೆ ನ್ಯಾಯವಾಗಿ ಗೆದ್ದ ಹಳ್ಳಿಯ ಕಾರಿಗೆ ಈ ಶಿಕ್ಷೆ ಯಾವ ಪರಿಸರ ನ್ಯಾಯ? ದುರಸ್ತಿಯಾದರೂ ಕಪ್ಪು ಹೊಗೆ ಬಿಡದೆ ನಿಲ್ಲದ ಡೀಸೆಲ್ ಗಾಡಿಯನ್ನು, ಚಾಸಿಗೆ ತುಕ್ಕು ತಿಂದ ಕಾರನ್ನು ನಾನು ಸಮರ್ಥಿಸುವುದಿಲ್ಲ. ಅವು ಗುಜರಿಗೆ ಹೋಗಲಿ.

ಮಣ್ಣಿನ ವಿದ್ಯಾರ್ಥಿಯಾಗಿ ಒಂದು ತಕರಾರು ನಮ್ಮವರ ಮೇಲೆಯೇ ಇದೆ. ತೆಗೆದ ಕರಿ ಆಯಿಲನ್ನು ಗ್ಯಾರೇಜಿನ ಚರಂಡಿಗೆ ಚೆಲ್ಲುತ್ತಾರೆ, ಗೆದ್ದಲಿಗೆಂದು ಬೇಲಿಗೂಟಗಳಿಗೆ ಬಳಿಯುತ್ತಾರೆ. ಅದರಲ್ಲಿ ಭಾರಲೋಹಗಳಿವೆ, ಮಳೆಗೆ ತೊಳೆದು ಹಳ್ಳ, ಕೆರೆ ಸೇರುತ್ತದೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹಳೆಯ ಡಬ್ಬಿಯಲ್ಲೇ ತುಂಬಿ, ಅಧಿಕೃತ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೆ ಮಾತ್ರ ಒಪ್ಪಿಸಿ. ಕೊಡುತ್ತಾರೋ ಇಲ್ಲವೋ, ಮೆಕ್ಯಾನಿಕ್ ಅಣ್ಣನನ್ನು ನೇರವಾಗಿಯೇ ಕೇಳಿ.