ರಕ್ತನಾಳದ ಸುಣ್ಣ

ದೋರನಹಳ್ಳಿಯ ನಮ್ಮ ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳಕ್ಕೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಕಳೆದ ವರ್ಷ ನನ್ನ ದೊಡ್ಡಪ್ಪನವರ ಎದೆಯ ಸಿ.ಟಿ. ಚಿತ್ರ ತೆಗೆಸಿದ ವೈದ್ಯರು ಹೃದಯದ ರಕ್ತನಾಳಗಳಲ್ಲಿಯೂ ಸುಣ್ಣ ಕಟ್ಟಿದೆಯೆಂದು ತಿಳಿಸಿದಾಗ, ಕಟ್ಟೆಯ ಮೇಲಿನ ಹಿರಿಯರು ಕೂಡಲೇ ಕಾರಣ ಹೇಳಿಬಿಟ್ಟರು: "ಬೋರಿನ ನೀರಾಗಿನ ಸುಣ್ಣ ನೆತ್ತರದಾಗ ಇಳದೈತಿ." ದೊಡ್ಡಪ್ಪನವರು ಅಂದಿನಿಂದ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟರು; ಹಾಲನ್ನೂ ಬಿಟ್ಟರು. ಬೀಡಿಯನ್ನು ಬಿಡಲಿಲ್ಲ. ಹನ್ನೆರಡು ವರ್ಷಗಳ ಸಕ್ಕರೆ ಬ್ಯಾನಿಗೆ ಕೊಟ್ಟ ಮಾತ್ರೆಯನ್ನು, ಮೈ ಹಗುರವೆನಿಸಿದ ದಿನ ನುಂಗದಿರುವ ವಾಡಿಕೆಯನ್ನೂ ಬಿಡಲಿಲ್ಲ. ನೀರನ್ನು ದೂರಿ ಸಕ್ಕರೆಯನ್ನು ಮರೆಯುವ ಈ ತಪ್ಪು ತಿಳಿವಳಿಕೆಯನ್ನು ನಾವು ಮೊದಲು ನೀಗಬೇಕೆಂಬುದು ನನ್ನ ಅಭಿಪ್ರಾಯ.

ನಾಳದ ಸುಣ್ಣವು ಹಂಡೆಯ ಸುಣ್ಣದಂತೆ ನೀರಿನಿಂದ ಇಳಿದು ಕೂತದ್ದಲ್ಲ. ಅದು ಎಲುಬಿನಲ್ಲಿರುವಂಥದೇ ಕ್ಯಾಲ್ಸಿಯಂ ಮತ್ತು ರಂಜಕಗಳ ಲವಣ. ದೇಹವೇ ಅದನ್ನು ಅಲ್ಲಿ ಕಟ್ಟುತ್ತದೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಏರಿ ನಿಂತರೆ, ನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಧರ್ಮವನ್ನು ಮರೆತು ಎಲುಬು ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಗೋಡೆಯ ಒಳಪದರದಲ್ಲಿ ಸುಣ್ಣವು ಕೊಬ್ಬಿನೊಡನೆ ಸೇರುತ್ತದೆ. ಇದು ಹೃದಯಾಘಾತದ ದಾರಿ. ನಡುಪದರದಲ್ಲಿ ಕಟ್ಟುವ ಸುಣ್ಣವನ್ನು ಜರ್ಮನಿಯ ಮ್ಯೋಂಕೆಬರ್ಗ್ ಎಂಬ ವೈದ್ಯರು 1903ರಲ್ಲಿ ವರ್ಣಿಸಿದರು. ಮಧುಮೇಹಿಗಳಲ್ಲಿಯೂ ಮೂತ್ರಪಿಂಡ ಕೆಟ್ಟವರಲ್ಲಿಯೂ ಇದು ಹೆಚ್ಚು. ಇದರಿಂದ ನಾಳವು ಬಿರುಸಾಗಿ ಹೃದಯಕ್ಕೆ ಹೊರೆಯಾಗುತ್ತದೆ. ಮಧುಮೇಹವು ನರಗಳನ್ನೂ ಮಂಕುಗೊಳಿಸುವುದರಿಂದ, ಎದೆನೋವೇ ಇಲ್ಲದೆ ಹೃದಯಾಘಾತವಾಗುವುದುಂಟು. 'ನೋವಿಲ್ಲ, ಆದ್ದರಿಂದ ರೋಗವಿಲ್ಲ' ಎಂಬ ನಮ್ಮ ತರ್ಕ ಇಲ್ಲಿ ನಿಲ್ಲಲಾರದು.

ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಈ ಭಾಗದ ಬಡವರಿಗೆ ಅದೊಂದು ದೊಡ್ಡ ಆಸರೆ. ಆದರೆ ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವ ಮದ್ದನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಅದು ಬೆಳೆಯದಂತೆ, ಹೃದಯಕ್ಕೆ ಪೆಟ್ಟು ಬೀಳದಂತೆ ಕಾಯಬಹುದು. ಕಾಯುವ ಸಾಧನಗಳು ಊರಿನಲ್ಲಿಯೇ ಇವೆ: 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಉಚಿತ ಪರೀಕ್ಷೆ, ತಪ್ಪದೆ ನುಂಗುವ ಮಾತ್ರೆ, ದಿನದ ನಡಿಗೆ, ಬೀಡಿಗೆ ವಿದಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಇದು ಪಟ್ಟಣದ ಸಾಹುಕಾರರ ರೋಗವೆಂದು ಇನ್ನೂ ನಂಬುವುದು ಸಲ್ಲದು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ದೊಡ್ಡಪ್ಪನವರ ವರದಿಯು ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಆದರೂ ಹಿರಿಯರ ಮುಂದೆ ಮಾತನಾಡಲು ಸಂಕೋಚಪಟ್ಟು ಎರಡು ತಿಂಗಳು ಸುಮ್ಮನಿದ್ದೆ. ಕೊನೆಗೆ ಒಂದು ಸಂಜೆ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕನ್ನಡದಲ್ಲಿ ತಿಳಿಸಿದೆ. ಅವರು, "ಇಷ್ಟ ದಿನ ಯಾಕ ಹೇಳಲಿಲ್ಲೋ ತಮ್ಮಾ?" ಎಂದರು. ಸಹಪಾಠಿಗಳೇ, ಈ ಪ್ರಶ್ನೆ ನಮ್ಮೆಲ್ಲರದು. ನಿಮ್ಮ ಮನೆಯ ಹಿರಿಯರ ವರದಿಯನ್ನು ಈ ರಜೆಯಲ್ಲಿ ತೆಗೆದು ಓದಿ ಹೇಳಿರಿ.