ಮನೆಗೊಂದು ಬೀರು ಇದೆ, ಫೈಲಿಗೆ ಯಾಕಿಲ್ಲ?

ಮನೆ ಸರ್ವರ್ ಸರಣಿ | ಭಾಗ 3

ನಮ್ಮನೇಲಿ ಅಕ್ಕನದು ಮ್ಯಾಕ್, ಅಪ್ಪನದು ವಿಂಡೋಸ್ ಲ್ಯಾಪ್‌ಟಾಪ್, ನನ್ನದು ಉಬುಂಟು, ಅಮ್ಮನದು ಆಂಡ್ರಾಯ್ಡ್ ಫೋನು. ಒಂದು ಫೋಟೊ ಈ ರೂಮಿಂದ ಆ ರೂಮಿಗೆ ಹೋಗಬೇಕಂದ್ರೂ ವಾಟ್ಸ್‌ಆ್ಯಪ್‌ನಲ್ಲೇ ಕಳಿಸ್ತಿದ್ವಿ. ನಿಮ್ಮನೇಲೂ ಇದೇ ಕಥೆ ಅಲ್ವಾ?

ಅಜ್ಜಿ ಹೇಳಿದ ಹನ್ನೊಂದು ಸೋಬಾನೆ ಪದ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದ್ದೆ. ಜಾಗ ಸಾಲದೆ ಫೋನಿಂದ ಅಳಿಸಿಬಿಟ್ಟೆ. ಕಳೆದ ವರ್ಷ ಅಜ್ಜಿ ತೀರಿಕೊಂಡ್ರು. ಆಮೇಲೆ ನೋಡಿದ್ರೆ ಪೆನ್‌ಡ್ರೈವ್ ಓಪನ್ನೇ ಆಗ್ಲಿಲ್ಲ. ಅಕ್ಕನ ಮ್ಯಾಕ್‌ನಲ್ಲಿ ನಾಲ್ಕು ಸಿಕ್ಕವು. ಏಳು ಹೋದವು.

ಅದಕ್ಕೇ ಹೇಳ್ತಿದ್ದೀನಿ: ಫೈಲ್ ಸರ್ವರ್ ಅನ್ನೋದು ಕಂಪ್ಯೂಟರ್ ಹುಚ್ಚಿನವರ ಶೋಕಿ ಅಲ್ಲ. ಮನೆಪತ್ರ, ಮಾರ್ಕ್ಸ್‌ಕಾರ್ಡ್ ಇಡೋಕೆ ಬೀರು ಇದ್ದ ಹಾಗೆ ಫೈಲಿಗೂ ಒಂದು ಜಾಗ ಬೇಕು.

ಏನೇನು ಬೇಕು? ಮೂಲೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ 4, ಒಂದು ಹಾರ್ಡ್‌ಡಿಸ್ಕ್, ರೂಟರ್‌ಗೆ ಒಂದು ಲ್ಯಾನ್ ಕೇಬಲ್. ಅದರಲ್ಲಿ ಲಿನಕ್ಸ್, ಅದರ ಮೇಲೆ ಸಾಂಬಾ.

ಸಾಂಬಾ ಶುರುವಾಗಿದ್ದು 1991ರ ಕೊನೆಗೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಲಿ ಪಿಎಚ್‌ಡಿ ಮಾಡ್ತಿದ್ದ ಆ್ಯಂಡ್ರೂ ಟ್ರಿಜೆಲ್ ಬರೆದದ್ದು. ನಮ್ಮಂಥ ವಿದ್ಯಾರ್ಥಿನೇ! ವಿಂಡೋಸ್ ಫೈಲ್ ಹಂಚಿಕೊಳ್ಳೋ ಎಸ್‌ಎಂಬಿ ಭಾಷೆಯನ್ನ ಅದು ಬೇರೆ ಸಿಸ್ಟಂಗಳಿಗೂ ಕಲಿಸ್ತು. 2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್ ಕೂಡ ಎಸ್‌ಎಂಬಿ 2ನ್ನೇ ಮೊದಲ ಆಯ್ಕೆ ಮಾಡ್ಕೊಂಡಿದೆ. ಅಮ್ಮನ ಫೋನಲ್ಲಿ ವಿಎಲ್‌ಸಿ ಸಾಕು.

"ಡಿಸ್ಕ್ ಯಾವ ಫಾರ್ಮ್ಯಾಟ್ ಇರ್ಬೇಕು?" ಅಂತ ಸುಮಾರು ಜನ ಕೇಳಿದ್ರಿ. ಫ್ಯಾಟ್32 ಬೇಡ, 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರಲ್ಲ. ಲಿನಕ್ಸ್‌ನ ಎಕ್ಸ್‌ಟ್4 ಹಾಕಿ. ವಿಂಡೋಸ್‌ಗೆ ಅದು ಓದೋಕೆ ಬರಲ್ಲ ಅನ್ನೋ ಭಯ ಬೇಡ. ಡಿಸ್ಕ್ ಮುಟ್ಟೋದು ಸರ್ವರ್ ಮಾತ್ರ, ಉಳಿದವರು ಸಾಂಬಾನ ಕೇಳಿ ಇಸ್ಕೋತಾರೆ.

ಮೂರು ತಪ್ಪು ಮಾಡ್ಬೇಡಿ:

1. ಕನೆಕ್ಟ್ ಆಗ್ಲಿಲ್ಲ ಅಂತ ಎಸ್‌ಎಂಬಿ 1 ಆನ್ ಮಾಡೋದು. 2017ರ ಮೇನಲ್ಲಿ ವಾನಾಕ್ರೈ ಹಬ್ಬಿದ್ದು ಅದರ ಲೋಪದಿಂದಲೇ.

2. ಹೊರಗಿಂದ ನೋಡೋಕೆ ರೂಟರ್‌ನಲ್ಲಿ 445ನೇ ಪೋರ್ಟ್ ತೆಗೆಯೋದು. ಬೀದಿ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

3. ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಎಲ್ಲಾ ಬಿಡೋದು. ಮನೆಯ ಒಬ್ಬೊಬ್ಬರಿಗೂ ಒಂದು ಸಾಂಬಾ ಯೂಸರ್ ಮಾಡಿ. ಅಪ್ಪನ ಬ್ಯಾಂಕ್ ಕಾಗದ ನೆಂಟರ ಹುಡುಗನ ಕೈಗೆ ಸಿಗಬಾರದು.

"ಕ್ಲೌಡ್ ಇದೆಯಲ್ಲ ಗುರು?" ಅಂತೀರಾ. ಇದೆ, ನಾನೂ ಬಳಸ್ತೀನಿ. ಆದ್ರೆ ಗೂಗಲ್‌ನ ಉಚಿತ 15 ಜಿಬಿಗೆ 2021ರ ಜೂನ್ 1ರಿಂದ ಹೊಸ ಫೋಟೊಗಳೂ ಲೆಕ್ಕ. ಮನೆಮಂದಿಯ ವಿಡಿಯೊ ಎಲ್ಲಾ ಅಲ್ಲಿ ಹಿಡಿಯಲ್ಲ. ಕ್ಲೌಡ್ ಎರಡನೇ ಪ್ರತಿಗೆ ಇರಲಿ, ಮೊದಲ ಪ್ರತಿ ಮನೇಲಿರಲಿ.

ಒಂದು ಮಾತ್ರ ಒಪ್ಪಿಕೊಳ್ಳಲೇಬೇಕು: ಸರ್ವರ್ ಅಂದ್ರೆ ಬ್ಯಾಕಪ್ ಅಲ್ಲ. ರೇಡ್ ಹಾಕಿದ್ದೀನಿ ಅಂತ ಮೀಸೆ ತಿರುವೋ ಗೆಳೆಯರಿಗೂ ಇದೇ ಮಾತು. ಕೈತಪ್ಪಿ ಅಳಿಸಿದ್ರೆ ಎರಡೂ ಡಿಸ್ಕಲ್ಲಿ ಅಳಿಯುತ್ತೆ. ನಾನು ತಿಂಗಳಿಗೊಮ್ಮೆ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ಚಿಕ್ಕಮ್ಮನ ಮನೇಲಿ ಇಡ್ತೀನಿ. ಸರ್ವರ್ ಕಟ್ಟೋದು ಒಂದು ಭಾನುವಾರದ ಕೆಲಸ, ಈ ಶಿಸ್ತು ವರ್ಷವಿಡೀ ಬೇಕು.

ನಿನ್ನೆ ಅಮ್ಮ ಅಡುಗೆಮನೇಲಿ ಫೋನಿಂದಲೇ ಅಜ್ಜಿ ಹಾಡು ಹಾಕ್ಕೊಂಡು ಚಪಾತಿ ಲಟ್ಟಿಸ್ತಿದ್ರು. ನಾಲ್ಕೂ ಮುಗೀತು. "ಮಿಕ್ಕಿದ್ದೆಲ್ಲೋ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಈ ಭಾನುವಾರ ಮನೇಲಿ ಒಂದು ಸುತ್ತು ಹುಡುಕಿ. ಒಂದೇ ಒಂದು ಜಾಗದಲ್ಲಿರೋ, ಕಳೆದ್ರೆ ಮತ್ತೆ ಸಿಗದ ಫೈಲ್ ಯಾವುದು? ಕಾಮೆಂಟಲ್ಲಿ ಹೇಳಿ. ಹೇಳೋ ಮುಂಚೆ ಒಂದು ಕಾಪಿ ಮಾಡಿ.

ಭಾಗ 4: ಸಾಂಬಾ ಸೆಟ್ಟಿಂಗ್, ಒಂದೊಂದೇ ಸಾಲು. ಸೇವ್ ಮಾಡ್ಕೊಳ್ಳಿ.

#ಮನೆಸರ್ವರ್ #ಸಾಂಬಾ #ಲಿನಕ್ಸ್ #ಕನ್ನಡದಲ್ಲಿಟೆಕ್