ಒಲವಿನ ಓಲೆ ಯಾರಿಗೆ?

ವ್ಯಾಲೆಂಟೈನ್ ಕಾರ್ಡು ಪ್ರಣಯಿಗಳ ನಡುವಣ ಸ್ವತ್ತು. ಗೆಳೆಯನಿಗೋ, ತಾಯಿಗೋ, ನೆರೆಮನೆಯ ಮುದುಕಿಗೋ ಅದನ್ನು ಕಳುಹಿಸುವುದು ಅನುಚಿತವಲ್ಲದಿದ್ದರೂ ಅಸಂಬದ್ಧ ಎಂಬ ಭಾವನೆ ನಮ್ಮ ಸುಶಿಕ್ಷಿತರಲ್ಲಿಯೂ ಬಲವಾಗಿದೆ. ಕನ್ನಡದಲ್ಲಿ ನಾವು ಫೆಬ್ರವರಿ 14ಕ್ಕೆ ‘ಪ್ರೇಮಿಗಳ ದಿನ’ವೆಂದು ಹೆಸರಿಟ್ಟಾಗಲೇ ಈ ಪ್ರಶ್ನೆಯ ತೀರ್ಪು ಆಗಿಹೋಯಿತೆನ್ನಬೇಕು. ಆ ದಿನದ ಉಡುಗೊರೆಗಳನ್ನು ಮಾರುವ ಅಂಗಡಿಯವರೂ, 2009ರಲ್ಲಿ ಅದರ ಆಚರಣೆಯನ್ನು ತಡೆಯುವೆವೆಂದು ಕರ್ನಾಟಕದಲ್ಲಿ ಬೆದರಿಕೆ ಹಾಕಿದವರೂ ಬೇರೆಲ್ಲ ವಿಷಯಗಳಲ್ಲಿ ಎದುರಾಳಿಗಳಾದರೂ, ಅದರ ಅರ್ಥದ ವಿಷಯದಲ್ಲಿ ಏಕಾಭಿಪ್ರಾಯದವರು. ಒಮ್ಮತ ಇಷ್ಟು ಸುಲಭವಾಗಿ ಮೂಡಿದ ಕಡೆ ತುಸು ಸಂದೇಹಪಡುವುದು ಒಳ್ಳೆಯದು.

ಮೊದಲು ಎದುರುಪಕ್ಷದ ಬಲವನ್ನು ಒಪ್ಪಿಬಿಡೋಣ. 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್, ಸಂತ ವ್ಯಾಲೆಂಟೈನನ ದಿನ ಹಕ್ಕಿಗಳು ಜೊತೆಗಾರರನ್ನು ಆರಿಸಿಕೊಳ್ಳುವುದನ್ನು ಕಾವ್ಯವಾಗಿಸಿದ. ಇಂಗ್ಲಿಷಿನಲ್ಲಿ ಉಳಿದುಬಂದಿರುವ ವ್ಯಾಲೆಂಟೈನ್ ಪತ್ರಗಳಲ್ಲಿ ಅತ್ಯಂತ ಹಳೆಯದೆಂದು ತಿಳಿದಿರುವುದು 1477ರ ಫೆಬ್ರವರಿಯದು. ನಾರ್ಫೋಕ್ ಪ್ರಾಂತದ ಮಾರ್ಜರಿ ಬ್ರೂಸ್ ಎಂಬ ತರುಣಿ, ತಾನು ವರಿಸಬೇಕೆಂದಿದ್ದ ಜಾನ್ ಪಾಸ್ಟನ್ನನಿಗೆ ಬರೆಸಿ ಕಳುಹಿಸಿದ್ದು. ಅದರಲ್ಲಿ ಒಲವಿನಷ್ಟೇ ವರದಕ್ಷಿಣೆಯ ಚಿಂತೆಯೂ ಇದೆ: ತಂದೆ ಇನ್ನು ಹೆಚ್ಚು ಕೊಡಲೊಲ್ಲ, ನನ್ನಲ್ಲಿ ನಿನಗೆ ಪ್ರೀತಿಯಿದ್ದರೆ ಅಷ್ಟಕ್ಕೇ ಕೈಬಿಡಲಾರೆ ಎಂಬ ಮೊರೆ. ನಮ್ಮ ಓದುಗರಿಗೆ ಇದಕ್ಕೆ ಟಿಪ್ಪಣಿ ಬೇಕಾಗಲಾರದು.

ಆದರೆ ಅಲ್ಲಿಂದ ಇನ್ನೂರು ವರ್ಷಗಳಷ್ಟು ಮುಂದೆ ಬಂದು, ಲಂಡನ್ನಿನ ಸ್ಯಾಮ್ಯುಅಲ್ ಪೀಪ್ಸನ ದಿನಚರಿಯನ್ನು ತೆರೆದರೆ ನೋಟವೇ ಬೇರೆ. ಅಂದು ‘ವ್ಯಾಲೆಂಟೈನ್’ ಎಂಬುದು ಒಂದು ಭಾವದ ಹೆಸರಲ್ಲ, ಒಬ್ಬ ವ್ಯಕ್ತಿಗೆ ಸಲ್ಲುತ್ತಿದ್ದ ಪದವಿ. ಚೀಟಿ ಎತ್ತಿದಾಗ ಯಾರ ಹೆಸರು ಬಂದಿತೋ, ಅಥವಾ ಆ ಬೆಳಗ್ಗೆ ಮೊದಲು ಯಾರು ಕಣ್ಣಿಗೆ ಬಿದ್ದರೋ ಅವರೇ ವ್ಯಾಲೆಂಟೈನ್. 1662ರಲ್ಲಿ ಪೀಪ್ಸನ ಹೆಂಡತಿ, ಮನೆಯಲ್ಲಿ ಗಿಲೀಟು ಹಾಕುತ್ತಿದ್ದ ಬಣ್ಣಗಾರರು ಕಣ್ಣಿಗೆ ಬೀಳದಿರಲೆಂದು ಬೆಳಗ್ಗೆಯೆಲ್ಲ ಕೈಯಡ್ಡ ಹಿಡಿದುಕೊಂಡಿದ್ದಳಂತೆ! 1667ರಲ್ಲಿ ವಿಲ್ ಮರ್ಸರ್ ಎಂಬ ಹುಡುಗ ಅವಳ ಹಾಸಿಗೆಯ ಬಳಿಗೇ ಬಂದು, ನೀಲಿ ಕಾಗದದ ಮೇಲೆ ಚಿನ್ನದ ಅಕ್ಷರಗಳಲ್ಲಿ ತಾನೇ ಬರೆದ ಅವಳ ಹೆಸರನ್ನು ಒಪ್ಪಿಸಿದ. ಗಂಡಹೆಂಡಿರಿಬ್ಬರೂ ಹಿಗ್ಗಿದರು. ಆ ವರ್ಷ ಪೀಪ್ಸನೂ ತನ್ನ ಹೆಂಡತಿಗೆ ವ್ಯಾಲೆಂಟೈನ್. ಖರ್ಚು 5 ಪೌಂಡು. ಎರಡು ದಿನಗಳ ಬಳಿಕ, ಪರಿಚಿತರ ಮನೆಯ ಪುಟ್ಟ ಹುಡುಗಿಯೊಬ್ಬಳು ಚೀಟಿಯಲ್ಲಿ ತನ್ನ ಹೆಸರನ್ನು ಎತ್ತಿದ್ದಾಳೆಂದು ತಿಳಿದು, ಬೇರೆಯವರಾಗಿದ್ದರೆ ಇನ್ನೂ ಹೆಚ್ಚು ಕೊಡಬೇಕಾಗುತ್ತಿತ್ತೆಂದು ಆತ ಸಮಾಧಾನಪಟ್ಟದ್ದೂ ಉಂಟು. ಆ ನೀಲಿ ಕಾಗದವನ್ನು ಇಂದಿನ ಕಾರ್ಡಿನ ಪೂರ್ವಜನೆಂದು ಎಣಿಸುವುದಾದರೆ, ಅದು ಹುಡುಗನೊಬ್ಬ ವಿವಾಹಿತೆಗೆ ಅವಳ ಗಂಡನ ಎದುರಿನಲ್ಲಿಯೇ ಕೊಟ್ಟ ಕಾಣಿಕೆ. ಅದರಲ್ಲಿ ಪ್ರಣಯವನ್ನು ಹುಡುಕುವುದು ಪತ್ತೇದಾರರ ಕೆಲಸವಾದೀತು.

ಹಾಗಾದರೆ ಬಾಗಿಲು ಕಿರಿದಾದದ್ದು ಯಾವಾಗ? ಅಂಚೆ ಅಗ್ಗವಾದಾಗ ಎಂದು ನನ್ನ ಊಹೆ. 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಬಂದ ಮೇಲೆ, ಹೆಸರು ತಿಳಿಸದೆ ಓಲೆ ಕಳುಹಿಸುವುದು ಬಡವನಿಗೂ ಸಾಧ್ಯವಾಯಿತು. ಎದುರು ನಿಂತು ಕೊಡುವ ಕಾಗದದಲ್ಲಿ ಅಡಗಿಸುವಂಥದೇನೂ ಬೇಕಿಲ್ಲ. ಹೆಸರು ಮುಚ್ಚಿದ ಕಾಗದವನ್ನು ಪಡೆದವರಾದರೋ ಅದರಲ್ಲಿ ಪ್ರಣಯವನ್ನೇ ಊಹಿಸುತ್ತಾರೆ. (ಆ ಮರೆಯನ್ನೇ ಬಳಸಿಕೊಂಡು ಅವಿವಾಹಿತೆಯರನ್ನೂ ಅಂಗಡಿಯವರನ್ನೂ ಹಂಗಿಸುವ ‘ವಿನೆಗರ್ ವ್ಯಾಲೆಂಟೈನ್’ಗಳೂ ವಿಕ್ಟೋರಿಯಾ ಯುಗದಲ್ಲಿ ಧಾರಾಳವಾಗಿ ಮಾರಾಟವಾದವು.) ಅಮೆರಿಕದ ವೂಸ್ಟರಿನಲ್ಲಿ ಎಸ್ತರ್ ಹೌಲೆಂಡ್ ಎಂಬಾಕೆ 1840ರ ದಶಕದ ಕೊನೆಗೆ ಲೇಸ್ ಕಾಗದದ ಕಾರ್ಡುಗಳ ಉದ್ಯಮ ಹೂಡಿದಳು; ವ್ಯಾಪಾರ ಬೆಳೆಯಿತು.

ಆದರೂ ಬಾಗಿಲು ಎಲ್ಲೆಡೆ ಮುಚ್ಚಿಲ್ಲ. ಫಿನ್ಲೆಂಡ್, ಎಸ್ಟೋನಿಯಗಳಲ್ಲಿ ಫೆಬ್ರವರಿ 14ರ ಹೆಸರೇ ‘ಗೆಳೆಯರ ದಿನ’. ಮೆಕ್ಸಿಕೋದಲ್ಲಿ ಅದು ಪ್ರೀತಿಯ ಜೊತೆಗೆ ಸ್ನೇಹದ ದಿನವೂ ಹೌದು. ಮಾರ್ಜರಿಯ ನಾರ್ಫೋಕಿನಲ್ಲಿಯೇ, ಹಿಂದಿನ ಸಂಜೆ ‘ಜ್ಯಾಕ್ ವ್ಯಾಲೆಂಟೈನ್’ ಎಂಬ ಕಾಣದ ವ್ಯಕ್ತಿ ಬಾಗಿಲು ಬಡಿದು, ಮಕ್ಕಳಿಗೆ ಉಡುಗೊರೆಯಿಟ್ಟು ಮಾಯವಾಗುವ ಪದ್ಧತಿಯಿದೆ.

ಎಲ್ಲರಿಗೂ ಸಲ್ಲಬಹುದೆಂದ ಮಾತ್ರಕ್ಕೆ ಎಲ್ಲರಿಗೂ ಹಂಚಬೇಕೆ? ಇಲ್ಲಿ ನನ್ನ ತಕರಾರಿದೆ. ಜಪಾನಿನ ಕಚೇರಿಗಳಲ್ಲಿ ಹೆಂಗಸರು ಆ ದಿನ ಸಹೋದ್ಯೋಗಿಗಳಿಗೆ ಕೊಡುತ್ತ ಬಂದ ಚಾಕೊಲೇಟಿಗೆ ‘ಕರ್ತವ್ಯದ ಚಾಕೊಲೇಟು’ ಎಂದೇ ಹೆಸರು. 2018ರಲ್ಲಿ ಚಾಕೊಲೇಟು ಮಾರುವ ಕಂಪನಿಯೊಂದೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಇದನ್ನು ನಿಲ್ಲಿಸೋಣವೆಂದಿತು. ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ, ಕಾರ್ಡು ತರುವ ಮಗು ತರಗತಿಯ ಎಲ್ಲರಿಗೂ ತರಬೇಕೆಂಬ ನಿಯಮವಿದೆ. ಅದರ ಹಿಂದಿನ ಕರುಣೆ ನಿಜವಾದದ್ದು. ಷುಲ್ಜರ ವ್ಯಂಗ್ಯಚಿತ್ರಗಳಲ್ಲಿ ಬಾರದ ಕಾರ್ಡಿಗಾಗಿ ಕಾಯುವ ಚಾರ್ಲಿ ಬ್ರೌನನನ್ನು ಕಂಡವರು ಆ ನಿಯಮವನ್ನು ಹಳಿಯಲಾರರು. ಆದರೆ 1975ರಲ್ಲಿ ಅವನ ಕಥೆ ಟೆಲಿವಿಷನ್ನಿನಲ್ಲಿ ಬಂದಾಗ ನಡೆದುದನ್ನು ನೋಡಿ: ಅದನ್ನು ಕಂಡ ಮಕ್ಕಳಲ್ಲಿ ಕೆಲವರು ಮರುಕಗೊಂಡು ಅವನಿಗೇ ಕಾರ್ಡು ಕಳುಹಿಸಿದರು. ಆ ಮಕ್ಕಳಲ್ಲಿ ಪ್ರಣಯವೂ ಇರಲಿಲ್ಲ, ಕೈಯಲ್ಲಿ ತರಗತಿಯ ಪಟ್ಟಿಯೂ ಇರಲಿಲ್ಲ. ಅಷ್ಟು ಜನರ ನಡುವೆ ಅವರು ಒಬ್ಬನನ್ನು ಆರಿಸಿದರು. ಕಾರ್ಡಿನ ಬೆಲೆ ಇರುವುದು ಈ ಆಯ್ಕೆಯಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಒಂಟಿಯಾಗಿರುವ ಸೋದರತ್ತೆಗೋ, ನಿವೃತ್ತರಾಗಿ ಊರಿನಲ್ಲಿರುವ ಹಳೆಯ ಮೇಷ್ಟರಿಗೋ ಒಂದು ಕಾರ್ಡು ಕಳುಹಿಸಬೇಕೆನಿಸಿ, ಯಾರೇನೆಂದಾರೋ ಎಂದು ಹಿಂಜರಿಯುವ ವಿದ್ಯಾರ್ಥಿಗಳು ಕಳುಹಿಸಲಿ. ಒಳಗೆ ಮಾತು ಅಚ್ಚಾಗಿಲ್ಲದ ಕಾರ್ಡನ್ನೇ ಕೇಳಿ ಪಡೆಯಲಿ. ಅವರ ಹೆಸರನ್ನು, ವಿಲ್ ಮರ್ಸರನಂತೆ, ತಮ್ಮ ಕೈಯಿಂದಲೇ ಬರೆಯಲಿ. ಕೆಳಗೆ ತಮ್ಮ ಹೆಸರನ್ನೂ ಕಾಣುವಂತೆ ಬರೆಯಲಿ.